ಹನ್ನೊಂದನೇ ನಂಬರಿನ ಅಂಗಿ

ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಹಬೆ ಇಸ್ತ್ರಿಯ ಮುಂದೆ ನಿಂತವಳ ಪಾದಗಳ ಬಗ್ಗೆ ಯಾರೂ ಬರೆಯುವುದಿಲ್ಲ. ಡಾಕ್ಟರುಗಳ ಕೈಯ ಬಗ್ಗೆ ಬರೆಯುತ್ತಾರೆ, ದಾದಿಯರ ನಗುವಿನ ಬಗ್ಗೆ ಬರೆಯುತ್ತಾರೆ. ಆ ಡಾಕ್ಟರು ತೊಟ್ಟ ಬಿಳಿ ಕೋಟು ತಾನಾಗಿಯೇ ಗರಿಗರಿಯಾಗಿ ಬಂದಿತೇನೋ ಎಂಬಂತೆ. ಇರಲಿ. ಇದು ಆ ಪಾದಗಳ ಒಡತಿಯ ಕಥೆ. ಆಸ್ಪತ್ರೆಯಲ್ಲೂ ಬೀದಿಯಲ್ಲೂ ಅವಳನ್ನು ಇಸ್ತ್ರಿಯಕ್ಕ ಎಂದೇ ಕರೆಯುತ್ತಾರೆ. ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ.

ಕೆಲಸ ಹೇಳುವುದಕ್ಕೆ ಸುಲಭ. ಒದ್ದೆ ಹಾಸಿಗೆ ಬಟ್ಟೆಯ ಎರಡು ಮೂಲೆ ಇವಳು ಹಿಡಿಯಬೇಕು, ಇನ್ನೆರಡು ಎದುರಿನವಳು. ಒಂದು ಸಲ ಜೋರಾಗಿ ಕೊಡವಿ ಇಸ್ತ್ರಿ ಯಂತ್ರದ ಬಿಸಿ ಉರುಳೆಯ ಬಾಯಿಗೆ ಕೊಡಬೇಕು. ಅದು ಆಚೆ ಹೊರಬರುವಷ್ಟರಲ್ಲಿ ಇನ್ನೊಂದು. ಹೀಗೆ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ. ಲಾಂಡ್ರಿಯಲ್ಲಿ ಕುರ್ಚಿ ಇಲ್ಲ. ಇದ್ದರೂ ಕೂರುವ ಪುರುಸೊತ್ತು ಇಲ್ಲ. ಮೂರು ಗಂಟೆಗೆ ಏಪ್ರನ್ ಬಿಚ್ಚಿ ನೇತುಹಾಕುವಾಗ ಅವಳ ಮೈ ಹಣ್ಣಾಗಿರುತ್ತದೆ.

ಅಂಥವಳು ಪ್ರತಿ ಶನಿವಾರ ನೇರ ಮನೆಗೆ ಹೋಗದೆ ಎರಡು ಬಸ್ಸು ಬದಲಾಯಿಸಿ ಬಾಸ್ಕೆಟ್‌ಬಾಲ್ ನೋಡಲು ಹೋಗುತ್ತಾಳೆ. ಕ್ಲಬ್ಬಿನ ಹಳೆಯ ಒಳಾಂಗಣ, ಮೂರನೇ ಸಾಲು, ಮೂಲೆಯ ಜಾಗ. ಕೂತ ಕೂಡಲೇ ಚಪ್ಪಲಿ ಬಿಟ್ಟು ಪಾದಗಳನ್ನು ಚೀಲದ ಮೇಲಿಡುತ್ತಾಳೆ. ಅಭಿಮಾನಿ ಎಂದರೆ ಕುಣಿಯುವವರು, ಶಿಳ್ಳೆ ಹಾಕುವವರು ಎಂದು ನೀವಂದುಕೊಂಡಿದ್ದರೆ ಇವಳನ್ನೊಮ್ಮೆ ನೋಡಬೇಕು. ಹತ್ತೊಂಬತ್ತು ವರ್ಷಗಳಲ್ಲಿ ಇವಳು ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಎರಡೋ ಮೂರೋ ಸಲ. ಏಳುವುದಕ್ಕೆ ಕಾಲು ಬೇಕಲ್ಲ.

ಆದರೆ ಆ ಕ್ಲಬ್ಬಿನ ತಂಡದ ಹೆಣ್ಣುಮಕ್ಕಳನ್ನು ಇವಳಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಏಕೆಂದರೆ ಅವರ ಅಂಗಿಗಳನ್ನು ಒಗೆಯುವವಳು ಇವಳೇ. ಸೋಮವಾರ ಮೂರು ಗಂಟೆಯ ನಂತರ, ಮೇಲ್ವಿಚಾರಕಿ ನೋಡಿಯೂ ನೋಡದಂತಿರುವಾಗ, ಲಾಂಡ್ರಿಯ ಮೂಲೆಯ ಸಣ್ಣ ಯಂತ್ರದಲ್ಲಿ ತಂಡದ ಗಂಟು ಬೀಳುತ್ತದೆ. ಯಾರು ಹೆದರಿದಾಗ ಕಾಲರು ಕಚ್ಚುತ್ತಾರೆ, ಯಾರು ನೆಲಕ್ಕೆ ಬೀಳಲು ಹಿಂಜರಿಯುತ್ತಾರೆ, ಯಾರು ಬೆವರುವುದೇ ಇಲ್ಲ, ಎಲ್ಲ ಬಟ್ಟೆಯಲ್ಲಿ ಗೊತ್ತಾಗುತ್ತದೆ. ಬೆವರದೆ ಬಂದ ಅಂಗಿಯನ್ನು ಎತ್ತಿ ಹಿಡಿದು, "ಇವಳು ಪಿಕ್ನಿಕ್ಕಿಗೆ ಬಂದಿದ್ಲು" ಎಂದು ಮೂಗು ಮುರಿಯುತ್ತಾಳೆ.

ಆ ಗಂಟಿನ ಜೊತೆ ಒಂಬತ್ತು ವರ್ಷಗಳಿಂದ ಯಾರೂ ತೊಡದ ಅಂಗಿಯೊಂದು ಇವಳ ಚೀಲದಿಂದ ಬಂದು ಸೇರಿಕೊಳ್ಳುತ್ತದೆ. ಹಸಿರು ಅಂಗಿ, ಬೆನ್ನ ಮೇಲೆ ದಪ್ಪ ಬಿಳಿ ಬಟ್ಟೆಯ ಎರಡು ಪಟ್ಟಿ. ಹನ್ನೊಂದು.

ಅದು ಅವಳ ತಂಗಿಯದು. ತಂಗಿ ಈ ತಂಡದ ಪಾಯಿಂಟ್ ಗಾರ್ಡ್ ಆಗಿದ್ದಳು. ಅಂದರೆ ಚೆಂಡನ್ನು ಈ ತುದಿಯಿಂದ ಆ ತುದಿಗೆ ಪುಟಿಸಿಕೊಂಡು ಹೋಗಿ, ಯಾರಿಗೆ ಯಾವ ಗಳಿಗೆಯಲ್ಲಿ ಕೊಡಬೇಕೆಂದು ತೀರ್ಮಾನ ಮಾಡುವವಳು. ಎಡಗೈ ಎತ್ತಿ ಎಲ್ಲರನ್ನೂ ಅವರವರ ಜಾಗಕ್ಕೆ ನಿಲ್ಲಿಸುತ್ತಿದ್ದ ಅವಳಿಗೆ ಗ್ಯಾಲರಿ ಇಟ್ಟ ಹೆಸರು 'ಟ್ರಾಫಿಕ್'. ಇಪ್ಪತ್ತಾರನೇ ವಯಸ್ಸಿನಲ್ಲಿ ಒಂದು ಜ್ವರ ಬಂತು. ಹನ್ನೆರಡು ದಿನ ಇತ್ತು. ಹದಿಮೂರನೇ ದಿನ ತಂಗಿ ಇರಲಿಲ್ಲ. ಆಸ್ಪತ್ರೆಯಲ್ಲಿ ಅವಳು ಮಲಗಿದ್ದ ಹಾಸಿಗೆಯ ಬಟ್ಟೆಗೆ ಇಸ್ತ್ರಿ ಹಾಕಿದ್ದು ಕೂಡ ಅಕ್ಕನೇ.

ತಂಡದಲ್ಲಿರುವಾಗಲೇ ಯಾರಾದರೂ ತೀರಿಕೊಂಡರೆ ಅವರ ಅಂಗಿಯೂ ನಂಬರೂ ಅವರ ಮನೆಗೆ ಹೋಗುತ್ತವೆ, ಮನೆಯವರು ಬಾಯಿಬಿಟ್ಟು ಕೊಡುವವರೆಗೆ ಆ ನಂಬರನ್ನು ಇನ್ನೊಬ್ಬರು ತೊಡುವಂತಿಲ್ಲ ಎನ್ನುವುದು ಆ ಕ್ಲಬ್ಬಿನ ವಾಡಿಕೆ. ಎಲ್ಲೂ ಬರೆದಿಟ್ಟಿಲ್ಲ. ಬರೆದಿಡದ್ದರಿಂದಲೇ ಯಾರೂ ಮುರಿದಿಲ್ಲ. ಕ್ಲಬ್ಬಿನವರು ಒಂಬತ್ತು ವರ್ಷ ತುಟಿ ಪಿಟಕ್ಕೆನ್ನಲಿಲ್ಲ.

ಈ ಸಲ ಕೋಚ್ ಬಂದು ಲಾಂಡ್ರಿಯ ಬಾಗಿಲಲ್ಲಿ ನಿಂತರು. ಅವರು ಶಾಲೆಯಲ್ಲಿ ಗಣಿತದ ಮೇಷ್ಟ್ರು. ಆಡಬೇಕಾದ ಮಾತನ್ನು ಬಿಟ್ಟು ಬೇರೆಲ್ಲ ಮಾತಾಡುವ ಮನುಷ್ಯ. ಹಬೆಯ ಬಗ್ಗೆ ಮಾತಾಡಿದರು, ಬಸ್ಸಿನ ಬಗ್ಗೆ ಮಾತಾಡಿದರು.

"ಮೇಷ್ಟ್ರೇ, ನನಗೆ ಕಾಲು ನೋಯ್ತಿದೆ. ಏನು ಹೇಳಿ," ಎಂದಳು ಇಸ್ತ್ರಿಯಕ್ಕ.

"ಹೊಸ ಹುಡುಗಿ ಬಂದಿದಾಳೆ. ಹದಿನೆಂಟು. ಪಾಯಿಂಟ್ ಗಾರ್ಡ್." ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ಹನ್ನೊಂದು ಕೊಡ್ತೀರಾ ಅಂತ ಕೇಳಿದ್ಲು. ಅವಳಿಗೆ ಗೊತ್ತಿಲ್ಲ, ಪಾಪ. ನಾನೂ ಹೇಳಲಿಲ್ಲ. ನಿಮ್ಮನ್ನ ಕೇಳ್ದೇ ಆಗೋ ಕೆಲಸ ಅಲ್ಲ. ಶನಿವಾರ ಅಭ್ಯಾಸದ ಪಂದ್ಯ ಇದೆ. ಬಂದು ನೋಡಿ. ಮುಂದಿನ ವಾರ ಗುರುವಾರದೊಳಗೆ ನಂಬರಿನ ಪಟ್ಟಿ ಕಳಿಸಬೇಕು. ನೀವು ಬೇಡ ಅಂದ್ರೆ ಬೇಡ, ಅಷ್ಟೇ."

ಅಷ್ಟೇ ಎಂದು ಹೇಳಿ ಹೋಗುವವರಿಗೇನು. ಆ ಅಷ್ಟೇ ಎನ್ನುವುದನ್ನು ಹೊತ್ತುಕೊಂಡು ಎರಡು ಬಸ್ಸು ಹತ್ತುವವಳು ಇವಳು.

ಮನೆಯಲ್ಲಿ ಗಂಡ ಆಗಲೇ ಬಕೆಟ್ಟಿನಲ್ಲಿ ಬಿಸಿನೀರಿಟ್ಟುಕೊಂಡು ಕೂತಿದ್ದ. ಅವನು ಕ್ಷೌರಿಕ. ಅವನದೂ ನಿಂತೇ ಮಾಡುವ ಕೆಲಸ. ಮದುವೆಯಾದಾಗಿನಿಂದ ಸಂಜೆ ಒಂದೇ ಬಕೆಟ್ಟಿನಲ್ಲಿ ನಾಲ್ಕು ಪಾದ. ಮುಖಕ್ಕೆ ಮುಖ ಕೊಟ್ಟು ಕೂರಲೇಬೇಕಾದ್ದರಿಂದ ಜಗಳ ಹೆಚ್ಚು ಹೊತ್ತು ಎಳೆಯುವುದಿಲ್ಲ. ಅವಳು ವಿಷಯ ಹೇಳಿದಳು.

"ಕೊಟ್ಬಿಡು," ಎಂದ ಗಂಡ.

"ತಲೆಕೂದಲು ಅಂದ್ಕೊಂಡ್ರಾ, ಕತ್ತರಿಸಿ ಕೊಡೋಕೆ?"

"ಹಾಗಾದ್ರೆ ಕೊಡ್ಬೇಡ."

"ನೀವು ಎರಡೂ ಕಡೆ ತಲೆ ಆಡಿಸ್ಬೇಡಿ. ನನಗೆ ಆಗಲೇ ಸುಸ್ತಾಗಿದೆ."

ಗಂಡ ನೀರಿನೊಳಗೆ ಅವಳ ಪಾದದ ಮೇಲೆ ತನ್ನ ಪಾದವಿಟ್ಟ. ಅವಳಿಗೆ ಅಷ್ಟು ಸಾಕಿತ್ತು, ಆ ಹೊತ್ತಿಗೆ.

ಶನಿವಾರ ಅವಳು ಹೋದದ್ದು ನೋಡುವುದಕ್ಕಲ್ಲ, ತಪ್ಪು ಹುಡುಕುವುದಕ್ಕೆ. ಇದನ್ನು ಅವಳೇ ಆಮೇಲೆ ಒಪ್ಪಿಕೊಂಡಿದ್ದಾಳೆ, ಆದ್ದರಿಂದ ನಾವು ಮುಚ್ಚಿಡಬೇಕಾಗಿಲ್ಲ. ತಪ್ಪುಗಳಿಗೂ ಬರವಿರಲಿಲ್ಲ. ಹುಡುಗಿ ಗಿಡ್ಡ. ಶೂ ಲೇಸು ಒಂದು ಕಪ್ಪು, ಒಂದು ಬಿಳಿ. ಚೆಂಡನ್ನು ಸೊಂಟದ ಎತ್ತರಕ್ಕೆ ಪುಟಿಸುತ್ತಾಳೆ, ಯಾರು ಬೇಕಾದರೂ ಕೈಹಾಕಿ ಕಸಿಯಬಹುದು. ಒಬ್ಬಳು ಕಸಿದೂ ಬಿಟ್ಟಳು. ಆಡುವಾಗ ಮುಖ ಎಷ್ಟು ಗಂಟಿಕ್ಕುತ್ತಾಳೆಂದರೆ ಯಾರೋ ಅವಳ ಮನೆ ಬೀಗ ಮುರಿದಿದ್ದಾರೆ ಎನ್ನಬೇಕು. ಜೊತೆಗೆ ಏನೋ ಗೊಣಗುತ್ತಲೇ ಇರುತ್ತಾಳೆ, ಯಾರ ಹತ್ತಿರವೋ ದೇವರೇ ಬಲ್ಲ. ಟ್ರಾಫಿಕ್ ಅಂಕಣಕ್ಕಿಳಿದರೆ ಗ್ಯಾಲರಿ ತಾನಾಗಿ ಮುಂದೆ ಬಾಗುತ್ತಿತ್ತು. ಇವಳು ಇಳಿದರೆ ಜನ ಮೊಬೈಲು ನೋಡಿಕೊಂಡಿದ್ದರು.

"ಹೇಗಿದಾಳೆ?" ಎಂದು ಪಕ್ಕದಲ್ಲಿದ್ದ ನಿವೃತ್ತ ಪೋಸ್ಟ್‌ಮನ್ ಕೇಳಿದ. ಈ ಗ್ಯಾಲರಿಯಲ್ಲಿ ಇವಳಷ್ಟೇ ಹಳಬ. ಆದರೆ ಬಾಯಲ್ಲಿ ಮಾತು ನಿಲ್ಲದವನು.

"ಗೊಣಗ್ತಾಳೆ."

"ನೀನೂ ಗೊಣಗ್ತೀಯ."

"ನಾನು ಪಾಯಿಂಟ್ ಗಾರ್ಡ್ ಅಲ್ವಲ್ಲ."

ವಿರಾಮದಲ್ಲಿ ಹುಡುಗಿ ನೀರು ಕುಡಿಯಲು ಗ್ಯಾಲರಿಯ ಕಂಬಿಯ ಹತ್ತಿರ ಬಂದಳು. ಪೋಸ್ಟ್‌ಮನ್ ಸುಮ್ಮನಿದ್ದಾನೆಯೇ? ಕಂಬಿಯ ಮೇಲೆ ಬಾಗಿ, "ಏನಮ್ಮಾ, ಹನ್ನೊಂದೇ ಬೇಕಂತೆ? ಯಾಕೆ?" ಎಂದುಬಿಟ್ಟ. ಇಸ್ತ್ರಿಯಕ್ಕ ಕಿವಿಗೊಟ್ಟಳು. ಚಿಕ್ಕವಳಿದ್ದಾಗ ಇದೇ ಗ್ಯಾಲರಿಯಲ್ಲಿ ಕೂತು ಟ್ರಾಫಿಕ್‌ನ ನೋಡಿದ್ದೆ ಎಂದು ಹುಡುಗಿ ಹೇಳುತ್ತಾಳೆ ಎಂದುಕೊಂಡಳು. ಹಾಗೆ ಹೇಳಿದ್ದರೆ ಅಲ್ಲೇ ಕೊಟ್ಟುಬಿಡುತ್ತಿದ್ದಳೇನೋ.

"ನಾನು ಹುಟ್ಟಿದ್ದು ಹನ್ನೊಂದನೇ ತಾರೀಕು," ಎಂದಳು ಹುಡುಗಿ, ಬಾಯಿ ಒರೆಸಿಕೊಂಡು. "ಅದಕ್ಕೇ."

ಹುಟ್ಟಿದ ತಾರೀಕಂತೆ! ಇಸ್ತ್ರಿಯಕ್ಕನಿಗೆ ಪಿತ್ತ ನೆತ್ತಿಗೇರಿತು. ಈ ಒಳಾಂಗಣದ ಗೋಡೆಗಳೇ ತಂಗಿಯ ಹೆಸರು ಹೇಳುತ್ತವೆ ಎಂದು ಅವಳು ಇಷ್ಟು ವರ್ಷ ನಂಬಿದ್ದಳು. ಒಂಬತ್ತು ವರ್ಷ ಅಷ್ಟೇ ಆಗಿತ್ತು. ಹದಿನೆಂಟರ ಹುಡುಗಿಗೆ ಟ್ರಾಫಿಕ್ ಎಂದರೆ ಬರೀ ಬೀದಿಯಲ್ಲಿ ನಿಂತ ಬಸ್ಸುಗಳು.

ಇನ್ನು ನೋಡುವುದೇನೂ ಉಳಿದಿಲ್ಲ, ಎದ್ದು ಹೋಗೋಣ ಎಂದುಕೊಂಡಳು. ಆದರೆ ಬಿಟ್ಟ ಚಪ್ಪಲಿ ಮತ್ತೆ ಹಾಕಿಕೊಳ್ಳಲು ಊದಿದ ಪಾದ ಒಪ್ಪಲಿಲ್ಲ. ಹಾಗಾಗಿ ಉಳಿದರ್ಧ ಆಟವನ್ನೂ ನೋಡಬೇಕಾಯಿತು. ಅವಳ ಪಾದಗಳು ಜನ್ಮದಲ್ಲಿ ಮಾಡಿದ ಒಂದೇ ಉಪಕಾರ ಇದು.

ತಂಡದಲ್ಲೊಬ್ಬಳು ಉದ್ದನೆಯ ಹುಡುಗಿಯಿದ್ದಳು. ಎಲ್ಲರೂ ಅವಳನ್ನು ಏಣಿ ಎನ್ನುತ್ತಿದ್ದರು. ಆ ದಿನ ಏಣಿಯ ಕೈ ಕೆಟ್ಟಿತ್ತು. ಹೊಸಬಳು ಇಬ್ಬರ ನಡುವೆ ತೂರಿಸಿ ಚೆಂಡು ಕೊಟ್ಟಳು. ಏಣಿ ಬುಟ್ಟಿಯ ಕೆಳಗೆ ಒಬ್ಬಳೇ ನಿಂತು ಎಸೆದರೂ ತಪ್ಪಿತು. ಮತ್ತೆ ಕೊಟ್ಟಳು, ಮತ್ತೆ ತಪ್ಪಿತು. ಗ್ಯಾಲರಿಯಲ್ಲಿ ಯಾರೋ ನಕ್ಕರು. ಏಣಿ ಮುಖ ಕೆಳಗೆ ಹಾಕಿಕೊಂಡು, ಚೆಂಡು ತನ್ನ ಹತ್ತಿರ ಬರದಿದ್ದರೆ ಸಾಕು ಎನ್ನುವಂತೆ ಮೂಲೆಗೆ ಸರಿದಳು. ಗಿಡ್ಡ ಹುಡುಗಿ ಚೆಂಡು ಪುಟಿಸುತ್ತ ಅಲ್ಲಿಗೇ ಹೋದಳು. ಗೊಣಗುತ್ತಲೇ ಇದ್ದಳು, ಈಗ ಮೂರನೇ ಸಾಲಿಗೆ ಕೇಳಿಸಿತು: "ಬಾ, ಬಾ, ಇಲ್ಲಿ ಬಾ, ನಿನ್ನದೇ ಇದು, ತಗೋ." ಮೂರನೇ ಸಲವೂ ಚೆಂಡು ಏಣಿಗೇ ಹೋಯಿತು. ಈ ಸಲ ಬಲೆಯೊಳಗೆ ಬಿತ್ತು. ಹುಡುಗಿ ನಗಲಿಲ್ಲ, ಏಣಿಯ ಬೆನ್ನೂ ತಟ್ಟಲಿಲ್ಲ. ಅಂಗೈಯನ್ನು ಅಂಗಿಯ ಬಲ ಅಂಚಿಗೆ ಒರೆಸಿಕೊಂಡು ಹಿಂದಕ್ಕೆ ಓಡಿದಳು.

ಇಸ್ತ್ರಿಯಕ್ಕ ಹಿಂದಕ್ಕೊರಗಿ ಕೂತಳು. ಅವಳಿಗೆ ನೆನಪಾಗಬಾರದ್ದು ನೆನಪಾಯಿತು. ತಂಗಿ ಹಾಗೆ ಕೊಡುತ್ತಿರಲಿಲ್ಲ. ಒಬ್ಬಳು ಎರಡು ಸಲ ತಪ್ಪಿದರೆ ಟ್ರಾಫಿಕ್ ಆ ಸಂಜೆಯೆಲ್ಲ ಅವಳ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಕೋಪ ಅವಳಿಗೆ ಮೂಗಿನ ತುದಿಯಲ್ಲಿತ್ತು. ಮನೆಗೆ ಬಂದು, "ಕೈಯಲ್ಲಿ ಬೆಣ್ಣೆ ಹಚ್ಕೊಂಡು ಬರ್ತಾರೆ" ಎಂದು ಅರ್ಧ ಗಂಟೆ ಕೂಗಾಡುತ್ತಿದ್ದಳು. ಅಕ್ಕನೂ ಬೈಯುತ್ತಿದ್ದಳು, ಇಬ್ಬರೂ ಮಾತು ಬಿಡುತ್ತಿದ್ದರು, ಬೆಳಿಗ್ಗೆ ಸರಿಹೋಗುತ್ತಿದ್ದರು. ಸತ್ತ ಮೇಲೆ ಅಕ್ಕ ಆ ಕೂಗಾಟವನ್ನೆಲ್ಲ ಮರೆತು, ನಗುವ ತಂಗಿಯೊಬ್ಬಳನ್ನೇ ಉಳಿಸಿಕೊಂಡಿದ್ದಳು. ಈಗ ಎಲ್ಲಿಂದಲೋ ಬಂದ ಹುಡುಗಿಯೊಬ್ಬಳು ಆ ಜಗಳಗಂಟಿಯನ್ನು ವಾಪಸು ತಂದು ಎದುರಿಗೆ ನಿಲ್ಲಿಸಿದ್ದಳು. ಆ ಜಗಳಗಂಟಿ ತಂಗಿಯ ಮೇಲೆ ಇಸ್ತ್ರಿಯಕ್ಕನಿಗೆ ಪ್ರೀತಿ ಉಕ್ಕಿ ಬಂತು. ಜೊತೆಗೆ ಹೊಸಬಳ ಮೇಲೆ ಹೊಟ್ಟೆಕಿಚ್ಚೂ ಆಯಿತು. ಸತ್ತವಳ ಪರವಾಗಿ ಹೊಟ್ಟೆಕಿಚ್ಚು ಪಡುವುದು ಎಂಥ ದಣಿವಿನ ಕೆಲಸ ಎನ್ನುವುದು ಪಟ್ಟವರಿಗೇ ಗೊತ್ತು.

"ಕೊಡಲ್ಲ," ಎಂದಳು ಬಕೆಟ್ಟಿನ ಮುಂದೆ ಕೂತು.

"ಅಷ್ಟು ಕೆಟ್ಟದಾಗಿ ಆಡ್ತಾಳಾ?" ಎಂದ ಗಂಡ.

"ಚೆನ್ನಾಗಿ ಆಡ್ತಾಳೆ. ಅದಕ್ಕೇ."

ಸೋಮವಾರ ಎಂದಿನಂತೆ ಗಂಟು ಒಗೆದಳು. ಮಂಗಳವಾರವೂ ಮೇಷ್ಟ್ರು ಫೋನು ಮಾಡಲಿಲ್ಲ, ಅವಳ ಮಾತಿಗೇ ಕಾದಿದ್ದರು. ಬುಧವಾರ ಮೂರು ಗಂಟೆಗೆ, ಏಪ್ರನ್ ಬಿಚ್ಚುವ ಹೊತ್ತಿಗೆ, ಲಾಂಡ್ರಿಯ ಬಾಗಿಲಲ್ಲಿ ಆ ಗಿಡ್ಡ ಹುಡುಗಿ ನಿಂತಿದ್ದಳು. ಒಂದು ಲೇಸು ಕಪ್ಪು, ಒಂದು ಬಿಳಿ.

"ಅಕ್ಕಾ, ಪೋಸ್ಟ್‌ಮನ್ ಅಂಕಲ್ ಎಲ್ಲಾ ಹೇಳಿದ್ರು," ಎಂದಳು. ಅಂಕಣದಲ್ಲಿದ್ದ ಗಂಟುಮುಖ ಇಲ್ಲಿರಲಿಲ್ಲ. "ನನಗೆ ಗೊತ್ತಿರಲಿಲ್ಲ. ಹುಟ್ಟಿದ ತಾರೀಕು ಅಂತೆಲ್ಲ ಬಾಯಿಗೆ ಬಂದಂಗೆ ಹೇಳ್ಬಿಟ್ಟೆ. ನನಗೆ ಹನ್ನೆರಡು ಸಾಕು. ಇಪ್ಪತ್ತಾದ್ರೂ ಸರಿ. ಅದನ್ನ ಹೇಳೋಕೇ ಬಂದೆ."

ಬೇಡ ಎನ್ನಲು ಸಿದ್ಧಳಾಗಿದ್ದವಳ ಕೈಯಿಂದ ಬೇಡ ಎನ್ನುವ ಮಾತನ್ನೇ ಕಿತ್ತುಕೊಂಡಂತಾಯಿತು. ಇಸ್ತ್ರಿಯಕ್ಕ ಹುಡುಗಿಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ, ಏಕೆ ಎಂದು ಅವಳಿಗೂ ತಿಳಿಯದೆ, ಸೋಮವಾರ ಒಗೆದು ಚೀಲದಲ್ಲೇ ಉಳಿದಿದ್ದ ಹಸಿರು ಅಂಗಿ ತೆಗೆದಳು. ಮಡಿಕೆ ಚೂರೂ ಕೆಟ್ಟಿರಲಿಲ್ಲ.

"ಹಾಕ್ಕೋ. ನೋಡ್ತೀನಿ."

"ಅಕ್ಕಾ, ಬೇಡ..."

"ನನಗೆ ನಿಂತ್ಕೊಳ್ಳೋ ಶಕ್ತಿ ಇಲ್ಲ ಮಗೂ. ಬೇಗ ಹಾಕ್ಕೋ."

ಹುಡುಗಿ ತಾನು ಹಾಕಿದ್ದ ಬನಿಯನ್ನಿನ ಮೇಲೆಯೇ ಅದನ್ನು ತಲೆಯಿಂದ ಇಳಿಸಿಕೊಂಡಳು. ಎಡಗೈ ತೂರಿಸಿದಳು. ಬಲಗೈ ಎತ್ತಿದಳು, ಅಷ್ಟೇ. ಭುಜದಿಂದ ಪಕ್ಕೆಯವರೆಗೆ ಅಂಗಿ ಪರ್ರೆಂದು ಹರಿಯಿತು. ಹುಡುಗಿ ಗಾಬರಿಯಿಂದ ಹಿಡಿದೆಳೆದಳು. ಹಿಡಿದಲ್ಲಿಯೂ ಹರಿಯಿತು.

"ಅಯ್ಯೋ! ಅಕ್ಕಾ, ನಾನೇನೂ ಮಾಡ್ಲಿಲ್ಲ, ದೇವರಾಣೆ, ಕೈ ಎತ್ತಿದೆ ಅಷ್ಟೇ..." ಅವಳ ಕಣ್ಣು ತುಂಬಿ ಬಂತು.

ಇಸ್ತ್ರಿಯಕ್ಕ ಹರಿದ ಬಟ್ಟೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಯ ಕಡೆ ಎತ್ತಿದಳು. ಆಚೆಯ ಗೋಡೆ, ಗೋಡೆಯ ಮೇಲಿನ ಪೈಪು, ಪೈಪಿನ ಮೇಲಿನ ತುಕ್ಕು, ಎಲ್ಲ ಅದರೊಳಗಿಂದ ಕಂಡವು. ಬಟ್ಟೆಯ ವಿಷಯದಲ್ಲಿ ಅವಳನ್ನು ಮೀರಿಸುವವರು ಆಸ್ಪತ್ರೆಯಲ್ಲಿಲ್ಲ. ಎಷ್ಟು ಒಗೆತಕ್ಕೆ ಯಾವ ಬಟ್ಟೆ ಜಾಳಾಗುತ್ತದೆ ಎಂದು ಮುಟ್ಟಿಯೇ ಹೇಳುವವಳು. ಅಂಥವಳು ಒಂಬತ್ತು ವರ್ಷ, ವಾರಕ್ಕೊಂದು ಸಲ, ಕೊಳೆಯೇ ಆಗದ ಅಂಗಿಯನ್ನು ಕುದಿನೀರಿಗೆ ಹಾಕಿ, ಸೋಪು ಹಾಕಿ, ಹಬೆ ಕೊಟ್ಟು ಒತ್ತಿದ್ದಳು. ಉಳಿದವರ ಅಂಗಿಗಳನ್ನು ಎರಡು ವರ್ಷಕ್ಕೊಮ್ಮೆ ಹೊಸದಾಗಿ ಹೊಲಿಸುತ್ತಿದ್ದರು. ಇದೊಂದು ಮಾತ್ರ ಅದೇ ಆಗಿತ್ತು. ಮಡಿಸುವಾಗ ಅವಳ ಕಣ್ಣು ಯಾವಾಗಲೂ ಆ ಎರಡು ಬಿಳಿ ಪಟ್ಟಿಗಳ ಮೇಲೆಯೇ ಇರುತ್ತಿತ್ತು.

ಅವಳು ಹಾಸಿಗೆ ಬಟ್ಟೆಗಳ ಗಂಟಿನ ಮೇಲೆ ಕುಸಿದು ಕೂತಳು. ಇಪ್ಪತ್ತಾರು ವರ್ಷಗಳಲ್ಲಿ ಆ ಕೋಣೆಯಲ್ಲಿ ಅವಳು ಕೂತದ್ದು ಅದೇ ಮೊದಲು.

"ನೀನಲ್ಲ," ಎಂದಳು. "ನೀನು ಹರಿದಿದ್ದಲ್ಲ ಮಗೂ. ಯಾರೂ ಹಾಕ್ಕೊಂಡಿಲ್ಲ ಅದನ್ನ. ನಾನೇ ಒಗೆದು ಒಗೆದು ಸವೆಸಿಬಿಟ್ಟೆ."

ಆಮೇಲೆ ಅತ್ತಳು. ಹುಡುಗಿ ಹರಿದ ಅಂಗಿಯಲ್ಲೇ ಅವಳ ಪಕ್ಕ ಕೂತಳು. "ಬನ್ನಿ ಅಕ್ಕಾ, ಬನ್ನಿ" ಎಂದು ಗೊಣಗಿದಳು. ಎಲ್ಲಿಗೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಆದರೂ ಕೇಳಲು ಹಿತವಾಗಿತ್ತು.

ಆ ಸಂಜೆ ಬಕೆಟ್ಟಿನ ನೀರು ತಣ್ಣಗಾಯಿತು. ಗಂಡ ತನ್ನ ಸಣ್ಣ ಕತ್ತರಿಯಿಂದ, ಮೀಸೆ ತಿದ್ದುವಷ್ಟು ಜೋಪಾನವಾಗಿ, ಹಳೆಯ ಅಂಗಿಯ ಬೆನ್ನಿನಿಂದ ಎರಡು ಬಿಳಿ ಪಟ್ಟಿಗಳ ಹೊಲಿಗೆ ಬಿಚ್ಚಿದ. ಪಟ್ಟಿಗಳು ದಪ್ಪ ಬಟ್ಟೆಯವು, ಗಟ್ಟಿಯಾಗಿಯೇ ಇದ್ದವು. ಅವಳ ಕಣ್ಣಿಗೆ ಸೂಜಿಯ ಬಾಯಿ ಕಾಣದ್ದರಿಂದ ದಾರವನ್ನೂ ಅವನೇ ಪೋಣಿಸಿಕೊಟ್ಟ. ಅವಳು ಹೇಳಿಕಳಿಸಿದ ಮೇಲೆ ಮೇಷ್ಟ್ರು ಹುಡುಗಿಯ ಕೈಯಲ್ಲಿ ಮನೆಗೆ ಕಳಿಸಿದ್ದ ಹೊಸ ಹಸಿರು ಅಂಗಿಯ ಬೆನ್ನಿಗೆ ಅವಳು ಪಟ್ಟಿಗಳನ್ನಿಟ್ಟು ಹೊಲಿದಳು. ಒಂದು ಸಲ ಸೊಟ್ಟಗಾಯಿತೆಂದು ಬಿಚ್ಚಿ ಮತ್ತೆ ಹೊಲಿದಳು.

"ಕೊಡಲ್ಲ ಅಂದಿದ್ಯಲ್ಲ," ಎಂದ ಗಂಡ.

"ಕೊಡೋಕೆ ನನ್ನ ಹತ್ರ ಅಂಗಿ ಎಲ್ಲಿ ಉಳೀತು?" ಎಂದಳು. ಹರಿದದ್ದನ್ನು ಅವನು ಮಡಿಸಿ ಕಪಾಟಿನಲ್ಲಿಟ್ಟ. ಅವಳು ಅದನ್ನು ಮತ್ತೆ ಒಗೆಯಲಿಲ್ಲ.

ಶನಿವಾರದ ಪಂದ್ಯದಲ್ಲಿ ತಂಡ ಆರು ಅಂಕಗಳಿಂದ ಸೋತಿತು. ಹನ್ನೊಂದನೇ ನಂಬರಿನವಳು ನಾಲ್ಕು ಸಲ ಚೆಂಡು ಕಳೆದುಕೊಂಡಳು, ಎರಡು ಸಲ ಮೈಯೆಲ್ಲ ಗೀರಿಸಿಕೊಂಡು ನೆಲಕ್ಕೆ ಬಿದ್ದಳು, ಮೊದಲಿನಿಂದ ಕೊನೆಯವರೆಗೆ ಗೊಣಗಿದಳು. "ಇನ್ನೂ ಕಲೀಬೇಕು," ಎಂದ ಪೋಸ್ಟ್‌ಮನ್. "ಚೆಂಡು ಕೆಳಗೆ ಪುಟಿಸ್ಬೇಕು," ಎಂದಳು ಇಸ್ತ್ರಿಯಕ್ಕ. ಅವಳು ಎದ್ದು ನಿಂತು ಚಪ್ಪಾಳೆ ಏನೂ ತಟ್ಟಲಿಲ್ಲ. ಕಾಲುಗಳು ಎಂದಿಗಿಂತ ಹೆಚ್ಚೇ ನೋಯುತ್ತಿದ್ದವು.

ಸೋಮವಾರ ಮೂರು ಗಂಟೆಗೆ ತಂಡದ ಗಂಟು ಬಂತು. ಒಂದೊಂದನ್ನೇ ಬಿಡಿಸಿ ನೋಡುತ್ತ ಹೋದಳು. ಏಣಿಯ ಅಂಗಿ. ಪಿಕ್ನಿಕ್ಕಿನವಳದು. ತಳದಲ್ಲಿ ಮುದ್ದೆಯಾಗಿ ಬಿದ್ದಿತ್ತು ಹನ್ನೊಂದು. ಬಿಡಿಸಿದಳು. ಬೆನ್ನು ಪೂರ್ತಿ ಬೆವರಿನ ಉಪ್ಪುಗೆರೆ, ಪಕ್ಕೆಯಲ್ಲಿ ನೆಲದ ಧೂಳು, ಬಲ ಅಂಚು ಅಂಗೈ ಒರೆಸಿ ಒರೆಸಿ ಕಪ್ಪಾಗಿತ್ತು. ತಂಗಿ ಒರೆಸಿಕೊಳ್ಳುತ್ತಿದ್ದದ್ದು ಎಡ ಅಂಚಿಗೆ. ಬಿಳಿ ಪಟ್ಟಿಗಳಿಗೂ ಕೊಳೆ ಮೆತ್ತಿತ್ತು. ಎದುರಿನ ಕೆಲಸದವಳು ಮೂಗು ಮುಚ್ಚಿಕೊಂಡು, "ಅಬ್ಬಾ, ಇದೇನಕ್ಕಾ ಇಷ್ಟು ಗಲೀಜು!" ಎಂದಳು.

"ಹೂಂ," ಎಂದಳು ಇಸ್ತ್ರಿಯಕ್ಕ. ಬೆವರು ಹೋಗಲು ಮೊದಲು ತಣ್ಣೀರಿನಲ್ಲಿ ನೆನೆಸಬೇಕು. ಒಂಬತ್ತು ವರ್ಷಗಳಲ್ಲಿ ಈ ನಂಬರಿಗೆ ಅದರ ಅಗತ್ಯ ಬಿದ್ದಿರಲಿಲ್ಲ. ಅವಳು ನಲ್ಲಿ ತಿರುಗಿಸಿ, ಅಂಗಿಯನ್ನು ಕೈಯಿಂದಲೇ ಅದುಮಿ ನೆನೆಹಾಕಿ, ಬಲ ಅಂಚಿಗೆ ಸೋಪು ಹಚ್ಚಿ ತಿಕ್ಕತೊಡಗಿದಳು.